‘ಫರ್ನಿಚರ್ಸ್’ ಅಂದರೆ ಯಾಕೆ ತಪ್ಪು? ಇಂಗ್ಲಿಷಿನ ಎಣಿಸುವ ಮತ್ತು ಎಣಿಸದ ಪದಗಳಿಗೆ ಒಂದು ಮಾರ್ಗದರ್ಶಿ

“ಕುರ್ಚಿ, ಮೇಜು, ಮಂಚ ಎಲ್ಲವನ್ನೂ ಎಣಿಸಬಹುದಲ್ಲ, ಮತ್ತೆ ‘ಫರ್ನಿಚರ್ಸ್’ ಅಂದರೆ ಯಾಕೆ ತಪ್ಪು?” ಇಂಗ್ಲಿಷ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: “ದುಡ್ಡನ್ನು ದಿನಾ ಎಣಿಸುತ್ತೇವೆ, ಆದರೂ ‘ಮನಿ’ ಅನ್‌ಕೌಂಟಬಲ್ ಹೇಗೆ?” ಬ್ಯಾಂಕ್ ಪರೀಕ್ಷೆಗೆ ಓದುವವರು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರುವವರು, ಆಫೀಸಿನಲ್ಲಿ ದಿನವಿಡೀ ಮೇಲ್ ಬರೆಯುವವರು, ಮಕ್ಕಳ ಇಂಗ್ಲಿಷ್ ಪಾಠ ನೋಡಿಕೊಡುವ ಅಪ್ಪ ಅಮ್ಮಂದಿರು ಎಲ್ಲರೂ ಎಡವುವ ಜಾಗ ಇದೇ.

ಇದು ಬುದ್ಧಿಯ ಕೊರತೆಯಲ್ಲ. ಕನ್ನಡದಲ್ಲಿ ಎಣಿಸುವ ಬಗೆಯೇ ಬೇರೆ. ಅಂಗಡಿಯಲ್ಲಿ “ಎರಡು ತೆಂಗಿನಕಾಯಿ ಕೊಡಿ” ಅನ್ನುತ್ತೇವೆಯೇ ಹೊರತು “ಎರಡು ತೆಂಗಿನಕಾಯಿಗಳನ್ನು ಕೊಡಿ” ಅನ್ನುವವರು ಕಡಿಮೆ. ಎರಡು ಅಂದ ಮೇಲೆ ಬಹುವಚನ ಆಗಿಯೇ ಹೋಯಿತು, ‘ಗಳು’ ಬೇಕಿದ್ದರೆ ಬರುತ್ತದೆ, ಬೇಡವಾದರೆ ಇಲ್ಲ. ಇನ್ನೊಂದು ಕಡೆ ಸಲಹೆ, ಸುದ್ದಿ, ಮಾಹಿತಿ ಇವಕ್ಕೆಲ್ಲ ಕನ್ನಡದಲ್ಲಿ ಸಲೀಸಾಗಿ ‘ಗಳು’ ಹಚ್ಚುತ್ತೇವೆ. ಇಂಗ್ಲಿಷ್ ಈ ಎರಡೂ ಕಡೆ ಬಿಗಿ. ಹಚ್ಚಬೇಕಾದಲ್ಲಿ ಹಚ್ಚಲೇಬೇಕು, ಹಚ್ಚಬಾರದ ಕಡೆ ಹಚ್ಚುವಂತೆಯೇ ಇಲ್ಲ.

ಮೊದಲು ಎರಡು ಪಾರಿಭಾಷಿಕ ಪದ. ಕೌಂಟಬಲ್ ನೌನ್ ಎಂದರೆ ಒಂದು, ಎರಡು ಎಂದು ಮುಂದೆ ಸಂಖ್ಯೆ ಹಾಕಿ, ಬಹುವಚನ ಮಾಡಬಹುದಾದ ನಾಮಪದ: ‘ಒನ್ ಬುಕ್, ಟೂ ಬುಕ್ಸ್’. ಅನ್‌ಕೌಂಟಬಲ್ ನೌನ್ ಎಂದರೆ ಮುಂದೆ ನೇರವಾಗಿ ಸಂಖ್ಯೆ ಹಾಕಲಾಗದ, ಬಹುವಚನವೂ ಇಲ್ಲದ ನಾಮಪದ: ‘ವಾಟರ್’, ‘ಅಡ್ವೈಸ್’. ನಿಮಗೆ ಬೇಕಾದದ್ದು ಒಂದು ನೋಟ್‌ಬುಕ್, ಕಲಿಯುವವರಿಗೆಂದೇ ಮಾಡಿದ ಒಂದು ಇಂಗ್ಲಿಷ್ ನಿಘಂಟು (ಫೋನಿನಲ್ಲಿದ್ದರೆ ಸಾಕು), ಮತ್ತು ನೀವೇ ಈಚೆಗೆ ಬರೆದ ನಾಲ್ಕಾರು ಮೇಲ್ ಅಥವಾ ಪ್ರಬಂಧ. ಬೇರೆಯವರ ತಪ್ಪು ನೋಡಿ ಕಲಿಯುವುದಕ್ಕಿಂತ ನಿಮ್ಮದೇ ಬರಹ ತಿದ್ದಿ ಕಲಿತರೆ ಬೇಗ ಹತ್ತುತ್ತದೆ.

1. ವಸ್ತುವನ್ನು ಬಿಡಿ, ಪದವನ್ನು ಹಿಡಿಯಿರಿ

“ಇದನ್ನು ಎಣಿಸಬಹುದೇ?” ಎಂದು ಕಣ್ಣೆದುರಿನ ವಸ್ತುವನ್ನು ನೋಡಿ ಕೇಳಿಕೊಂಡರೆ ಉತ್ತರ ಅರ್ಧಕ್ಕರ್ಧ ತಪ್ಪಾಗುತ್ತದೆ. ಕೇಳಿಕೊಳ್ಳಬೇಕಾದ್ದು “ಇಂಗ್ಲಿಷ್ ಈ ಪದವನ್ನು ಹೇಗೆ ಬಳಸುತ್ತದೆ?” ಎಂದು. ಅದೇ ಕೋಣೆಯಲ್ಲಿರುವ ಅದೇ ನಾಲ್ಕು ಕುರ್ಚಿಗೆ ‘ಫೋರ್ ಚೇರ್ಸ್’ ಅಂದರೆ ಸರಿ, ‘ಫೋರ್ ಫರ್ನಿಚರ್ಸ್’ ಅಂದರೆ ತಪ್ಪು. ವಸ್ತು ಬದಲಾಗಲಿಲ್ಲ, ಪದ ಬದಲಾಯಿತು. ದುಡ್ಡಿನದೂ ಇದೇ ಕತೆ. ನೀವು ಎಣಿಸುವುದು ‘ರುಪೀಸ್’, ‘ನೋಟ್ಸ್’, ‘ಕಾಯಿನ್ಸ್’. ‘ಮನಿ’ ಅನ್ನುವ ಪದ ಎಣಿಕೆಗೆ ಸಿಗುವುದಿಲ್ಲ.

ಅಡುಗೆಮನೆಗೆ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ರೈಸ್’, ‘ವೀಟ್’ ಎಣಿಸದ ಪದಗಳು. ‘ಬೀನ್ಸ್’, ‘ಲೆಂಟಿಲ್ಸ್’ ಎಣಿಸುವ ಪದಗಳು. ಬೇಳೆಗೂ ಅಕ್ಕಿಗೂ ಗಾತ್ರದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಈರುಳ್ಳಿ ಎಣಿಕೆಗೆ ಸಿಗುತ್ತದೆ, ‘ಟೂ ಆನಿಯನ್ಸ್’. ಬೆಳ್ಳುಳ್ಳಿ ಸಿಗುವುದಿಲ್ಲ, ‘ಟೂ ಗಾರ್ಲಿಕ್ಸ್’ ಇಲ್ಲ. ‘ನೂಡಲ್ಸ್’ ಬಹುವಚನ, ‘ಪಾಸ್ತಾ’ ಎಣಿಸದ ಪದ. ಇದಕ್ಕೆ ತರ್ಕ ಹುಡುಕುತ್ತ ಕೂತರೆ ಸಮಯ ಹಾಳು. ಒಂದು ಒಲವು ಮಾತ್ರ ಗಮನಿಸಿ: ಹಲವು ಬಗೆಯ ವಸ್ತುಗಳನ್ನು ಒಟ್ಟಾಗಿ ಹೇಳುವ ಪದಗಳು, ಉದಾಹರಣೆಗೆ ‘ಫರ್ನಿಚರ್’, ‘ಲಗೇಜ್’, ‘ಜ್ಯುವೆಲರಿ’, ‘ಸ್ಟೇಷನರಿ’, ‘ಇಕ್ವಿಪ್‌ಮೆಂಟ್’, ‘ಮೆಷಿನರಿ’, ಸಾಮಾನ್ಯವಾಗಿ ಎಣಿಕೆಗೆ ಒಗ್ಗುವುದಿಲ್ಲ. ಇದನ್ನೇ ನಿಯಮ ಅಂದುಕೊಳ್ಳಬೇಡಿ. ‘ವೆಜಿಟಬಲ್ಸ್’, ‘ಟೂಲ್ಸ್’ ಕೂಡ ಒಟ್ಟಾಗಿ ಹೇಳುವ ಪದಗಳೇ, ಅವನ್ನು ಎಣಿಸುತ್ತಾರೆ.

2. ಮೂರು ಪರೀಕ್ಷೆ ಮಾಡಿ

ಮೊದಲನೆಯದು, ಪದದ ಮುಂದೆ ‘ಎ’ ಅಥವಾ ‘ಆ್ಯನ್’ ಇಟ್ಟು ನೋಡಿ. ‘ಎ ಸಜೆಷನ್’ ನಿಲ್ಲುತ್ತದೆ, ‘ಆ್ಯನ್ ಅಡ್ವೈಸ್’ ನಿಲ್ಲುವುದಿಲ್ಲ. ಎರಡನೆಯದು, ಕೊನೆಗೆ ‘ಎಸ್’ ಹಚ್ಚಿ ನೋಡಿ. ‘ಸೂಟ್‌ಕೇಸಸ್’ ಉಂಟು, ‘ಲಗೇಜಸ್’ ಇಲ್ಲ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪದವನ್ನು ಮುಂದೆ ಏನೂ ಇಲ್ಲದೆ, ಹಿಂದೆ ‘ಎಸ್’ ಕೂಡ ಇಲ್ಲದೆ ಒಂಟಿಯಾಗಿ ನಿಲ್ಲಿಸಿ. ‘ಐ ಬಾಟ್ ಫರ್ನಿಚರ್’ ಸರಿ. ‘ಐ ಬಾಟ್ ಚೇರ್’ ತಪ್ಪು; ‘ಎ ಚೇರ್’ ಆಗಬೇಕು, ಇಲ್ಲವೇ ‘ಚೇರ್ಸ್’. ಎಣಿಸುವ ಪದ ಏಕವಚನದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ಮುಂದೆ ‘ಎ’, ‘ದ’, ‘ಮೈ’, ‘ದಿಸ್’ ಯಾವುದಾದರೂ ಒಂದು ಬೇಕೇ ಬೇಕು. “ಕುರ್ಚಿ ತಂದೆ” ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದಾದ್ದರಿಂದ ನಮ್ಮ ಕಿವಿಗೆ ಈ ತಪ್ಪು ತಪ್ಪಾಗಿಯೇ ಕೇಳಿಸುವುದಿಲ್ಲ. ‘ಫರ್ನಿಚರ್ಸ್’ ತಿದ್ದಿಕೊಂಡವರ ಬರಹದಲ್ಲೂ ಇದು ಉಳಿದುಬಿಡುತ್ತದೆ.

ಎಚ್ಚರಿಕೆ: ‘ಎ ಗುಡ್ ನಾಲೆಡ್ಜ್ ಆಫ್ ಕನ್ನಡ’, ‘ಎ ಗುಡ್ ಎಜುಕೇಷನ್’, ‘ಎ ಗ್ರೇಟ್ ಹೆಲ್ಪ್’ ಇಂಥ ಕೆಲವು ಬಳಕೆಗಳಲ್ಲಿ ಎಣಿಸದ ಪದದ ಮುಂದೆಯೂ ‘ಎ’ ಬರುತ್ತದೆ. ಆಗ ಸಾಮಾನ್ಯವಾಗಿ ‘ಎ’ಗೂ ಪದಕ್ಕೂ ನಡುವೆ ವಿಶೇಷಣ ಇರುತ್ತದೆ. ಹಾಗೆಂದು ‘ನಾಲೆಡ್ಜಸ್’ ಎಂದಿಗೂ ಆಗುವುದಿಲ್ಲ. ‘ಎ ಗುಡ್ ಅಡ್ವೈಸ್’, ‘ಎ ಗುಡ್ ನ್ಯೂಸ್’ಗೆ ಈ ವಿನಾಯಿತಿ ಇಲ್ಲ.

3. ‘ಎಷ್ಟು’ ಅನ್ನು ಎರಡಾಗಿ ಒಡೆಯಿರಿ

ಗೊಂದಲದ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಎಷ್ಟು ಜನ, ಎಷ್ಟು ಹಾಲು, ಎಷ್ಟು ದೂರ, ಎಷ್ಟು ಮಕ್ಕಳು. ಕನ್ನಡಕ್ಕೆ ಒಂದೇ ‘ಎಷ್ಟು’ ಸಾಕು. ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಮೊದಲೇ ಆರಿಸಿಕೊಳ್ಳಬೇಕು: ಎಣಿಸುವ ಪದಕ್ಕೆ ‘ಹೌ ಮೆನಿ’, ಎಣಿಸದ ಪದಕ್ಕೆ ‘ಹೌ ಮಚ್’. ‘ಹೌ ಮೆನಿ ಪೀಪಲ್’, ‘ಹೌ ಮಚ್ ಮಿಲ್ಕ್’.

‘ಸ್ವಲ್ಪ’ಕ್ಕೂ ಇದೇ ಪಾಡು. ಸ್ವಲ್ಪ ದಿನ ಅಂದರೆ ‘ಎ ಫ್ಯೂ ಡೇಸ್’, ಸ್ವಲ್ಪ ನೀರು ಅಂದರೆ ‘ಎ ಲಿಟಲ್ ವಾಟರ್’. ಇಲ್ಲಿನ ‘ಎ’ಯನ್ನು ಉದಾಸೀನ ಮಾಡಬೇಡಿ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್ ಹಿಯರ್’ ಅಂದರೆ ಇಲ್ಲಿ ನನಗೆ ಒಂದಷ್ಟು ಗೆಳೆಯರಿದ್ದಾರೆ. ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಹಿಯರ್’ ಅಂದರೆ ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ. ಒಂದಕ್ಷರ ಬಿಟ್ಟರೆ ಸಮಾಧಾನದ ಮಾತು ದೂರಿನ ಮಾತಾಗಿಬಿಡುತ್ತದೆ. ‘ಲಿಟಲ್’ ಮತ್ತು ‘ಎ ಲಿಟಲ್’ ನಡುವೆಯೂ ಇದೇ ಅಂತರ.

‘ಕಡಿಮೆ’ಯೂ ಒಡೆಯುತ್ತದೆ: ‘ಫ್ಯೂಅರ್ ಬಸಸ್’, ‘ಲೆಸ್ ಟ್ರಾಫಿಕ್’. ಮಾತಿನಲ್ಲಿ ಇಂಗ್ಲಿಷ್ ಮನೆಮಾತಿನವರೇ ‘ಲೆಸ್ ಬಸಸ್’ ಅನ್ನುವುದುಂಟು. ಆದರೂ ಪರೀಕ್ಷೆಯಲ್ಲಿ, ಔಪಚಾರಿಕ ಬರಹದಲ್ಲಿ ‘ಫ್ಯೂಅರ್’ ಎಂದೇ ಬರೆಯಿರಿ. ಹಾಗೆಯೇ ಜನರಿಗೆ ‘ಎ ಲಾರ್ಜ್ ನಂಬರ್ ಆಫ್’, ನೀರು ಹಣ ಇಂಥವಕ್ಕೆ ‘ಎ ಲಾರ್ಜ್ ಅಮೌಂಟ್ ಆಫ್’.

ಮಾತಾಡುವಾಗ ಥಟ್ಟನೆ ತೋಚದಿದ್ದರೆ ಎರಡೂ ಕಡೆ ಸಲ್ಲುವ ಪದಗಳಿವೆ: ‘ಎ ಲಾಟ್ ಆಫ್’, ‘ಸಮ್’, ‘ಪ್ಲೆಂಟಿ ಆಫ್’, ‘ಇನಫ್’. ಕಲಿಯುವ ದಿನಗಳಲ್ಲಿ ಇವನ್ನು ಧೈರ್ಯವಾಗಿ ಬಳಸಿ. ‘ಐ ಹ್ಯಾವ್ ಮಚ್ ವರ್ಕ್’ ವ್ಯಾಕರಣಕ್ಕೆ ಸರಿಯಾದರೂ ಕಿವಿಗೆ ಬಿಗಿ. ‘ಎ ಲಾಟ್ ಆಫ್ ವರ್ಕ್’ ಸಹಜ. ‘ಮಚ್’ ಅನ್ನು ಪ್ರಶ್ನೆಗೆ ಮತ್ತು ‘ಇಲ್ಲ’ ಅನ್ನುವ ವಾಕ್ಯಕ್ಕೆ ಇಟ್ಟುಕೊಳ್ಳಿ.

4. ಪದವನ್ನು ಜೋಡಿಯಾಗಿ ಕಲಿಯಿರಿ

ಎಣಿಸದ ಪದಗಳ ಉದ್ದ ಪಟ್ಟಿ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಅದರ ಬದಲು ಪ್ರತಿ ಎಣಿಸದ ಪದದ ಪಕ್ಕದಲ್ಲಿ, ಅದೇ ಅರ್ಥದ ಹತ್ತಿರದ ಎಣಿಸುವ ಪದವೊಂದನ್ನು ಬರೆದುಕೊಳ್ಳಿ. ಸಂಖ್ಯೆ ಹೇಳಬೇಕಾದಾಗ ಅದೇ ಕೈಗೆ ಬರುತ್ತದೆ.

‘ಅಡ್ವೈಸ್’ ಜೊತೆ ‘ಸಜೆಷನ್’ ಅಥವಾ ‘ಟಿಪ್’.
‘ಇನ್ಫರ್ಮೇಷನ್’ ಜೊತೆ ‘ಡೀಟೇಲ್’.
‘ಲಗೇಜ್’ ಜೊತೆ ‘ಬ್ಯಾಗ್’.
‘ಇಕ್ವಿಪ್‌ಮೆಂಟ್’ ಜೊತೆ ‘ಟೂಲ್’ ಅಥವಾ ‘ಡಿವೈಸ್’. ‘ಮೆಷಿನರಿ’ ಜೊತೆ ‘ಮೆಷಿನ್’.
‘ವರ್ಕ್’ ಜೊತೆ ‘ಟಾಸ್ಕ್’ ಅಥವಾ ‘ಜಾಬ್’; ‘ಹೋಮ್‌ವರ್ಕ್’ ಜೊತೆ ‘ಅಸೈನ್‌ಮೆಂಟ್’.
‘ಟ್ರಾವೆಲ್’ ಜೊತೆ ‘ಟ್ರಿಪ್’. ‘ಟ್ರಾಫಿಕ್’ ಜೊತೆ ‘ವೆಹಿಕಲ್’.
‘ಫೀಡ್‌ಬ್ಯಾಕ್’ ಜೊತೆ ‘ಕಮೆಂಟ್’. ‘ಸಾಫ್ಟ್‌ವೇರ್’ ಜೊತೆ ‘ಪ್ರೋಗ್ರಾಂ’.
‘ರಿಸರ್ಚ್’ ಜೊತೆ ‘ಸ್ಟಡಿ’. ‘ಪೊಯೆಟ್ರಿ’ ಜೊತೆ ‘ಪೊಯಮ್’. ‘ಸೀನರಿ’ ಜೊತೆ ‘ವ್ಯೂ’.

‘ಸ್ಟಾಫ್’ ಬಗ್ಗೆ ಬೇರೆಯಾಗಿ ಹೇಳಬೇಕು. “ಒಬ್ಬ ಸ್ಟಾಫ್ ಹೇಳಿದರು” ಎಂದು ನಮ್ಮ ಮಾತಿನಲ್ಲಿ ರೂಢಿಯಾಗಿದೆ. ಇಂಗ್ಲಿಷಿನಲ್ಲಿ ‘ಸ್ಟಾಫ್’ ಅಂದರೆ ಸಿಬ್ಬಂದಿಯ ಇಡೀ ಗುಂಪು. ಒಬ್ಬರಿದ್ದರೆ ‘ಎ ಸ್ಟಾಫ್ ಮೆಂಬರ್’ ಅಥವಾ ‘ಎ ಮೆಂಬರ್ ಆಫ್ ಸ್ಟಾಫ್’. ಹತ್ತು ಜನರಿದ್ದರೆ ‘ಟೆನ್ ಸ್ಟಾಫ್ ಮೆಂಬರ್ಸ್’. ‘ಟೆನ್ ಸ್ಟಾಫ್ಸ್’ ಬೇಡ.

‘ಇಕ್ವಿಪ್‌ಮೆಂಟ್ಸ್’ ಭಾರತದ ಟೆಂಡರ್ ಪ್ರಕಟಣೆಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಅದು ತಪ್ಪಾದರೆ ಎಲ್ಲರೂ ಯಾಕೆ ಬರೆಯುತ್ತಾರೆ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನಿಜ. ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಹೊರದೇಶದ ಕಂಪನಿಗೆ ಕಳಿಸುವ ಅರ್ಜಿಯಲ್ಲಿ ಎದ್ದು ಕಾಣುತ್ತದೆ. ಬರಹದಲ್ಲಾದರೂ ತಿದ್ದಿಕೊಳ್ಳುವುದು ಮೇಲು.

5. ‘ಎಸ್’ ಅಳಿಸಿದ ಮೇಲೆ ಇಡೀ ವಾಕ್ಯ ತಿದ್ದಿ

ಆಫೀಸಿನ ಮೇಲ್‌ಗಳಲ್ಲಿ ದಿನಾ ಕಾಣುವಂಥ ನಾಲ್ಕು ವಾಕ್ಯ ತೆಗೆದುಕೊಳ್ಳೋಣ:

“ಪ್ಲೀಸ್ ಸೆಂಡ್ ಮಿ ಆಲ್ ದೀಸ್ ಇನ್ಫರ್ಮೇಷನ್ಸ್. ದ ನ್ಯೂ ಫರ್ನಿಚರ್ಸ್ ಹ್ಯಾವ್ ಕಮ್, ಬಟ್ ದೇ ಆರ್ ಸ್ಟಿಲ್ ಇನ್ ದ ಸ್ಟೋರ್. ಮೆನಿ ಇಕ್ವಿಪ್‌ಮೆಂಟ್ಸ್ ಆರ್ ಪೆಂಡಿಂಗ್. ಐ ನೀಡ್ ಆ್ಯನ್ ಅಡ್ವೈಸ್ ಫ್ರಮ್ ಯು.”

ಬಹುತೇಕರು ಇಲ್ಲಿ ಮೂರು ಕಡೆ ‘ಎಸ್’ ಅಳಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆಗ ‘ದೀಸ್ ಇನ್ಫರ್ಮೇಷನ್’, ‘ಫರ್ನಿಚರ್ ಹ್ಯಾವ್’, ‘ಮೆನಿ ಇಕ್ವಿಪ್‌ಮೆಂಟ್ ಆರ್’ ಉಳಿಯುತ್ತದೆ, ತಪ್ಪಿನ ಜಾಗ ಬದಲಾಯಿತು ಅಷ್ಟೆ. ಎಣಿಸದ ಪದ ಏಕವಚನದಂತೆ ನಡೆಯುವುದರಿಂದ ಅದಕ್ಕೆ ಅಂಟಿಕೊಂಡ ಪದಗಳೆಲ್ಲ ಅದರ ಜೊತೆಗೇ ಬದಲಾಗಬೇಕು. ‘ದೀಸ್’ ಹೋಗಿ ‘ದಿಸ್’ ಬರಬೇಕು, ‘ಹ್ಯಾವ್’ ಹೋಗಿ ‘ಹ್ಯಾಸ್’, ‘ಆರ್’ ಹೋಗಿ ‘ಈಸ್’, ‘ದೇ’ ಹೋಗಿ ‘ಇಟ್’, ‘ಮೆನಿ’ ಹೋಗಿ ‘ಎ ಲಾಟ್ ಆಫ್’. ಪೂರ್ತಿ ತಿದ್ದಿದರೆ ಹೀಗಾಗುತ್ತದೆ:

“ಪ್ಲೀಸ್ ಸೆಂಡ್ ಮಿ ಆಲ್ ದಿಸ್ ಇನ್ಫರ್ಮೇಷನ್. ದ ನ್ಯೂ ಫರ್ನಿಚರ್ ಹ್ಯಾಸ್ ಕಮ್, ಬಟ್ ಇಟ್ ಈಸ್ ಸ್ಟಿಲ್ ಇನ್ ದ ಸ್ಟೋರ್. ಎ ಲಾಟ್ ಆಫ್ ಇಕ್ವಿಪ್‌ಮೆಂಟ್ ಈಸ್ ಪೆಂಡಿಂಗ್. ಐ ನೀಡ್ ಯುವರ್ ಅಡ್ವೈಸ್.”

‘ದೇ’ ಮತ್ತು ‘ಇಟ್’ ಕಡೆ ವಿಶೇಷ ಗಮನ ಕೊಡಿ. ಪದ ಮೊದಲ ವಾಕ್ಯದಲ್ಲಿದ್ದು, ಅದರ ಸರ್ವನಾಮ ಮೂರು ವಾಕ್ಯ ಆಚೆ ಇದ್ದರೆ ಕಣ್ಣು ತಪ್ಪಿಹೋಗುತ್ತದೆ.

ಇನ್ನೊಂದು ಪದಗುಚ್ಛ ಎರಡು ಬಗೆಯಲ್ಲಿ ಕೈಕೊಡುತ್ತದೆ: ‘ಒನ್ ಆಫ್’. ಇದರ ನಂತರ ಎಣಿಸುವ ಪದವೇ ಬರಬೇಕು, ಅದೂ ಬಹುವಚನದಲ್ಲಿ. ‘ಒನ್ ಆಫ್ ಮೈ ಫ್ರೆಂಡ್’ ತಪ್ಪು, ‘ಒನ್ ಆಫ್ ಮೈ ಫ್ರೆಂಡ್ಸ್’ ಸರಿ. ‘ಒನ್ ಆಫ್ ದ ಫರ್ನಿಚರ್’ ಎಂದು ಹೇಳಲು ದಾರಿಯೇ ಇಲ್ಲ, ‘ಒನ್ ಆಫ್ ದ ಚೇರ್ಸ್’ ಅನ್ನಿ.

6. ಅಳತೆಯ ಪದ ಹಾಕಿ, ‘ಆಫ್’ ಮರೆಯಬೇಡಿ

ಎಣಿಸದ ಪದವನ್ನು ಎಣಿಸಲೇಬೇಕಾದಾಗ ಅಳತೆಯ ಪದ ಬೇಕು. ಕನ್ನಡಕ್ಕೆ ಇದು ಹೊಸದಲ್ಲ: ಎರಡು ಲೋಟ ನೀರು, ಐದು ಕೆಜಿ ಅಕ್ಕಿ, ಒಂದು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಸೊಪ್ಪು. ಇಲ್ಲಿ ಅಳತೆಗೂ ವಸ್ತುವಿಗೂ ನಡುವೆ ಏನೂ ಬೇಕಿಲ್ಲ. ಇಂಗ್ಲಿಷಿನಲ್ಲಿ ನಡುವೆ ‘ಆಫ್’ ಬೇಕು, ಮತ್ತು ಬಹುವಚನದ ‘ಎಸ್’ ಅಳತೆಯ ಪದಕ್ಕೆ ಹತ್ತಬೇಕು. ‘ಟೂ ಗ್ಲಾಸ್ ವಾಟರ್’ ಅಲ್ಲ, ‘ಟೂ ಗ್ಲಾಸಸ್ ಆಫ್ ವಾಟರ್’. ‘ಫೈವ್ ಕಿಲೋ ರೈಸ್’ ಅಲ್ಲ, ‘ಫೈವ್ ಕಿಲೋಸ್ ಆಫ್ ರೈಸ್’.

ದಿನಬಳಕೆಗೆ ಇಷ್ಟು ಸಾಕು: ‘ಎ ಬಾರ್ ಆಫ್ ಸೋಪ್’, ‘ಎ ಲೋಫ್ ಆಫ್ ಬ್ರೆಡ್’, ಅದರ ಒಂದು ಹೋಳಿಗೆ ‘ಎ ಸ್ಲೈಸ್ ಆಫ್ ಬ್ರೆಡ್’, ‘ಎ ಶೀಟ್ ಆಫ್ ಪೇಪರ್’, ‘ಎ ಕ್ಲೋವ್ ಆಫ್ ಗಾರ್ಲಿಕ್’, ‘ಎ ಲಂಪ್ ಆಫ್ ಜಾಗರಿ’, ‘ಎ ಪಿಂಚ್ ಆಫ್ ಸಾಲ್ಟ್’. ಫರ್ನಿಚರ್, ಲಗೇಜ್, ಅಡ್ವೈಸ್, ನ್ಯೂಸ್, ಎವಿಡೆನ್ಸ್, ಮ್ಯೂಸಿಕ್ ಇವಕ್ಕೆಲ್ಲ ‘ಎ ಪೀಸ್ ಆಫ್’ ಸಲ್ಲುತ್ತದೆ. ಹಾಗೆಂದು ಎಲ್ಲ ಕಡೆ ‘ಪೀಸ್ ಆಫ್’ ತುರುಕಬೇಡಿ. ಒಂದೋ ಎರಡೋ ಎಂಬುದು ಮುಖ್ಯವಲ್ಲದಿದ್ದರೆ ‘ಸಮ್’ ಚೆಂದ: ‘ಐ ಹ್ಯಾವ್ ಸಮ್ ಗುಡ್ ನ್ಯೂಸ್’, ‘ಕ್ಯಾನ್ ಯು ಗಿವ್ ಮಿ ಸಮ್ ಅಡ್ವೈಸ್?’

ಮೊತ್ತ, ದೂರ, ಅವಧಿ ಇವನ್ನು ಒಟ್ಟಾಗಿ ಹೇಳುವಾಗ ಬಹುವಚನ ಕಂಡರೂ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ: ‘ಟೆನ್ ಥೌಸಂಡ್ ರುಪೀಸ್ ಈಸ್ ಇನಫ್’.

7. ಅರ್ಥ ಬದಲಿಸುವ ಪದಗಳನ್ನು ಬೇರೆ ಪುಟದಲ್ಲಿ ಬರೆದಿಡಿ

ಕೆಲವು ಪದಗಳು ಎರಡೂ ಬಗೆಯಲ್ಲಿ ಬರುತ್ತವೆ, ಬಂದಾಗ ಅರ್ಥವೂ ಬೇರೆ. ‘ಪೇಪರ್’ ಅಂದರೆ ಕಾಗದ. ‘ಎ ಪೇಪರ್’ ಅಂದರೆ ಪತ್ರಿಕೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ಅಥವಾ ಸಂಶೋಧನಾ ಪ್ರಬಂಧ. ಬರೆಯಲು ಒಂದು ಹಾಳೆ ಬೇಕಿದ್ದಾಗ ‘ಗಿವ್ ಮಿ ಎ ಪೇಪರ್’ ಅಂದರೆ ಕೇಳಿದವರು ಪತ್ರಿಕೆ ತಂದುಕೊಟ್ಟಾರು. ‘ಐರನ್’ ಕಬ್ಬಿಣ, ‘ಆ್ಯನ್ ಐರನ್’ ಇಸ್ತ್ರಿಪೆಟ್ಟಿಗೆ. ‘ರೂಮ್’ ಜಾಗ, ‘ಎ ರೂಮ್’ ಕೋಣೆ. ‘ಟೈಮ್’ ಸಮಯ, ‘ತ್ರೀ ಟೈಮ್ಸ್’ ಮೂರು ಸಲ. ‘ಚಿಕನ್’ ತಿಂದೆ ಅಂದರೆ ಮಾಂಸ, ‘ಎ ಚಿಕನ್’ ತಿಂದೆ ಅಂದರೆ ಇಡೀ ಕೋಳಿ.

ತಲೆಗೂದಲು ಒಟ್ಟಾಗಿ ‘ಹೇರ್’, ಎಣಿಸದ ಪದ. ‘ಮೈ ಹೇರ್ಸ್ ಆರ್ ಫಾಲಿಂಗ್ ಔಟ್’ ಅಲ್ಲ, ‘ಮೈ ಹೇರ್ ಈಸ್ ಫಾಲಿಂಗ್ ಔಟ್’. ಸಾರಿನಲ್ಲಿ ಒಂದು ಕೂದಲು ಸಿಕ್ಕರೆ ಮಾತ್ರ ‘ಎ ಹೇರ್’.

‘ವರ್ಕ್’ ಎಂದರೆ ಕೆಲಸ. ‘ಐ ಹ್ಯಾವ್ ಮೆನಿ ವರ್ಕ್ಸ್’ ತಪ್ಪು. ಹಾಗಾದರೆ ‘ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟ್’, ನಮ್ಮ ಲೋಕೋಪಯೋಗಿ ಇಲಾಖೆ? ಅಲ್ಲಿನ ‘ವರ್ಕ್ಸ್’ ಅಂದರೆ ರಸ್ತೆ, ಸೇತುವೆ, ಕಟ್ಟಡದಂಥ ಕಾಮಗಾರಿಗಳು. ಕೆಲಸಕ್ಕೆ ‘ವರ್ಕ್’, ಕಾಮಗಾರಿಗಳಿಗೆ ‘ವರ್ಕ್ಸ್’ ಎಂದು ನೆನಪಿಟ್ಟುಕೊಂಡರೆ ಸಾಕು. ಸಾಹಿತ್ಯ ಕೃತಿಗಳಿಗೂ ‘ವರ್ಕ್ಸ್’ ಸಲ್ಲುತ್ತದೆ.

ಕೋರ್ಟಿನ ಕಾಗದ ಓದುವವರು ‘ಡ್ಯಾಮೇಜ್’ ಗಮನಿಸಿ. ‘ಡ್ಯಾಮೇಜ್’ ಹಾನಿ, ‘ಡ್ಯಾಮೇಜಸ್’ ಆ ಹಾನಿಗೆ ನ್ಯಾಯಾಲಯ ಕೊಡಿಸುವ ಪರಿಹಾರದ ಹಣ. ಮಳೆಯಿಂದ ಬೆಳೆಗೆ ಆದದ್ದು ‘ಡ್ಯಾಮೇಜ್’, ‘ಡ್ಯಾಮೇಜಸ್’ ಅಲ್ಲ. ಉದ್ಯೋಗದ ಅರ್ಜಿ ಬರೆಯುವವರಿಗೆ ‘ಎಕ್ಸ್‌ಪೀರಿಯೆನ್ಸ್’ ಮುಖ್ಯ: ಕೆಲಸದ ಅನುಭವ ಎಣಿಸದ ಪದ, ‘ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’. ನಡೆದ ಘಟನೆಯೊಂದರ ಅನುಭವವಾದರೆ ‘ಆ್ಯನ್ ಎಕ್ಸ್‌ಪೀರಿಯೆನ್ಸ್’.

ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗ ‘ಡು ಯು ಹ್ಯಾವ್ ಚೇಂಜ್?’ ಸಾಕು, ಅಲ್ಲಿ ‘ಎ’ ಬೇಡ, ‘ಎಸ್’ ಕೂಡ ಬೇಡ. ಹೋಟೆಲಿನಲ್ಲಿ ‘ಟೂ ಕಾಫೀಸ್, ಪ್ಲೀಸ್’ ಅನ್ನಲು ಅಂಜಬೇಕಿಲ್ಲ. ಲೋಟದ ಲೆಕ್ಕದಲ್ಲಿ ಕೊಡುವಾಗ ಕಾಫಿ, ಟೀ ಎಣಿಕೆಗೆ ಸಿಗುತ್ತವೆ.

8. ‘ಎಸ್’ ಬಾಲ ನೋಡಿ ಮೋಸಹೋಗಬೇಡಿ

‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’, ‘ಫಿಸಿಕ್ಸ್’, ‘ಡಯಾಬಿಟೀಸ್’, ‘ಮೀಸಲ್ಸ್’ ಬಾಲದಲ್ಲಿ ‘ಎಸ್’ ಹೊತ್ತಿದ್ದರೂ ಏಕವಚನವೇ. ‘ದ ನ್ಯೂಸ್ ಈಸ್ ಗುಡ್’.

ತಿರುಗುಮುರುಗಾದವೂ ಇವೆ. ‘ಪೊಲೀಸ್’, ‘ಪೀಪಲ್’, ‘ಕ್ಯಾಟಲ್’ ಬಾಲವಿಲ್ಲದೆಯೂ ಬಹುವಚನ: ‘ದ ಪೊಲೀಸ್ ಆರ್ ಕಮಿಂಗ್’. ‘ಸಿಜರ್ಸ್’, ‘ಟ್ರೌಸರ್ಸ್’, ‘ಸ್ಪೆಕ್ಟಕಲ್ಸ್’ ಸದಾ ಬಹುವಚನ, ಒಂದು ಬೇಕಾದರೆ ‘ಎ ಪೇರ್ ಆಫ್’ ಸೇರಿಸಿ. ತೊಡುವ ಬಟ್ಟೆಗೆ ‘ಕ್ಲೋದ್ಸ್’. ‘ಕ್ಲಾತ್’ ಅಂದರೆ ಹೊಲಿಯದ ಬಟ್ಟೆ, ‘ಎ ಕ್ಲಾತ್’ ಅಂದರೆ ಒರೆಸುವ ಬಟ್ಟೆಯ ತುಂಡು. “ಹೊಸ ಬಟ್ಟೆ ತಗೊಂಡೆ” ಎನ್ನಲು ‘ಐ ಬಾಟ್ ಎ ನ್ಯೂ ಕ್ಲಾತ್’ ಅಂದರೆ ಒರೆಸುವ ಬಟ್ಟೆ ತಂದಂತಾಗುತ್ತದೆ.

9. ಅನುಮಾನ ಬಂದರೆ ನಿಘಂಟು ತೆರೆಯಿರಿ

ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಸಂಸ್ಥೆಗಳ ಕಲಿಯುವವರ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಾಮಪದದ ಅರ್ಥದ ಪಕ್ಕದಲ್ಲಿ ‘ಸಿ’, ‘ಯು’ ಅಕ್ಷರಗಳೋ, ಪೂರ್ತಿಯಾಗಿ ‘ಕೌಂಟಬಲ್’, ‘ಅನ್‌ಕೌಂಟಬಲ್’ ಎಂದೋ ಇರುತ್ತದೆ. ಇಂಗ್ಲಿಷ್–ಕನ್ನಡ ನಿಘಂಟುಗಳು ಅರ್ಥಕ್ಕೆ ಒಳ್ಳೆಯವು, ಈ ಗುರುತು ಸಾಮಾನ್ಯವಾಗಿ ಅವುಗಳಲ್ಲಿ ಸಿಗುವುದಿಲ್ಲ.

ಈ ಗುರುತುಗಳು ಹುಟ್ಟಿದ್ದೇ ನಮ್ಮಂಥ ಕಲಿಯುವವರಿಗಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಟೋಕಿಯೋದಲ್ಲಿ ಹೊರತಂದ ನಿಘಂಟಿನಲ್ಲಿ ಯಾವ ಪದ ಎಣಿಸುವಂಥದ್ದು, ಯಾವುದು ಅಲ್ಲ ಎಂದು ಗುರುತು ಮಾಡಿದ್ದರು. ಆಕ್ಸ್‌ಫರ್ಡ್ ಅದನ್ನೇ 1948ರಲ್ಲಿ ಮರಳಿ ಪ್ರಕಟಿಸಿತು. ಜಪಾನಿ ಭಾಷೆಯಲ್ಲೂ ಬಹುವಚನದ ಪ್ರತ್ಯಯ ಕಡ್ಡಾಯವಲ್ಲ. ಅಲ್ಲಿನವರಿಗೂ ನಮ್ಮಂತೆಯೇ ಇಲ್ಲಿ ಕಷ್ಟ.

ನಿಘಂಟು ನೋಡುವಾಗ ಆಗುವ ತಪ್ಪು ಒಂದೇ: ಮೊದಲ ಸಾಲಿನ ಗುರುತು ನೋಡಿ ಮುಚ್ಚಿಬಿಡುವುದು. ‘ಎಕ್ಸ್‌ಪೀರಿಯೆನ್ಸ್’, ‘ಪೇಪರ್’ನಂಥ ಪದಕ್ಕೆ ಒಂದೊಂದು ಅರ್ಥಕ್ಕೆ ಒಂದೊಂದು ಗುರುತು ಇರುತ್ತದೆ. ನಿಮಗೆ ಬೇಕಾದ ಅರ್ಥ ಎರಡನೆಯದೋ ಮೂರನೆಯದೋ ನೋಡಿ, ಅದರ ಪಕ್ಕದ ಗುರುತು ಓದಿ, ಕೆಳಗಿನ ಉದಾಹರಣೆ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ನಂತರ ನಿಮ್ಮ ಹಳೆಯ ಮೇಲ್‌ಗಳಲ್ಲಿ ಆ ಪದ ಹುಡುಕಿ, ಅದರ ಜೊತೆಗಿರುವ ‘ದೀಸ್’, ‘ಹ್ಯಾವ್’, ‘ದೇ’ ಸಮೇತ ತಿದ್ದಿ.